ಎರೆ ಗೋಡೆ, ಮಸಾರಿ ಗೋಡೆ

ಈ ಸಲ ಬೇಸಿಗೆ ರಜೆಗೆ ಪೋತ್ನಾಳಕ್ಕೆ ಹೋದಾಗ ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಎರಡು ಚೌಕ ಬಣ್ಣ ಹಚ್ಚಿಟ್ಟಿದ್ದರು. ಒಂದೊಂದೂ ಮೊರದಷ್ಟು ಅಗಲ. ಎಡಗಡೆಯದು ಬೂದಿ ಬಣ್ಣ, ಬಲಗಡೆಯದು ತೆಳುವಾದ ಕೆಮ್ಮಣ್ಣಿನ ಬಣ್ಣ. ಎರಡೂ ಕಣ್ಣಿಗೆ ಹೊಡೆಯುವ ಬಣ್ಣಗಳಲ್ಲ. ಹಾಲು ಬೆರೆಸಿ ಮಂಕು ಮಾಡಿದಂಥವು. ಅಣ್ಣನ ಮದುವೆ ಗೊತ್ತಾಗಿತ್ತು. ಬೀಗರು ಬರುವುದರೊಳಗೆ ಮನೆಗೆ ಬಣ್ಣ ಆಗಬೇಕಿತ್ತು. ಅಣ್ಣನಿಗೆ ಬೂದಿ ಬಣ್ಣ ಬೇಕು, ಅವ್ವನಿಗೆ ಇನ್ನೊಂದು. ಪೇಂಟರ್ ನಾಲ್ಕು ದಿನದಿಂದ ಉತ್ತರಕ್ಕೆ ಕಾಯುತ್ತಿದ್ದ.

“ನೀ ಇತಿಹಾಸ ಓದಾಕತ್ತಿ ಅಲ್ಲ, ನೀನಽ ಹೇಳು” ಎಂದು ಅಣ್ಣ ನನ್ನ ಕಡೆ ತಿರುಗಿದ. ನಗುತ್ತಲೇ ಹೇಳಿದ್ದ. ನಾನು ಪಿಎಚ್.ಡಿ. ಮಾಡುತ್ತಿರುವುದು ರಾಯಚೂರು ದೋಆಬದ ಜನರ ವಾಸದ ಮನೆಗಳ ಬಗ್ಗೆ. ಮೂರು ವರ್ಷದಿಂದ ಗೋಡೆಗಳ ದಪ್ಪ, ಮಾಳಿಗೆಯ ತೊಲೆ, ಹಗೇವುಗಳ ಆಳ ಅಳೆಯುತ್ತಾ ಹಳ್ಳಿ ಹಳ್ಳಿ ತಿರುಗಿದ್ದೇನೆ. ಗೋಡೆಯ ಬಣ್ಣದ ಬಗ್ಗೆ ನನ್ನ ಟಿಪ್ಪಣಿಪುಸ್ತಕದಲ್ಲಿ ಒಂದು ಪುಟವೂ ಇರಲಿಲ್ಲ ಅನ್ನುವುದು ಆ ಕ್ಷಣಕ್ಕೆ ಹೊಳೆಯಿತು. ಬಣ್ಣವನ್ನು ನಾನು ಗೋಡೆಯ ಮೇಲಿನ ಧೂಳಿನ ಹಾಗೆ ನೋಡಿದ್ದೆ, ಒರೆಸಿ ಕೆಳಗಿನದನ್ನು ಅಳೆಯಬೇಕಾದದ್ದು ಎಂಬಂತೆ.

ಇದು ನನ್ನೊಬ್ಬಳ ತಪ್ಪಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ನಮ್ಮ ಜನಗಣತಿಯ ಮನೆಪಟ್ಟಿ ಗೋಡೆ ಯಾವುದರಿಂದ ಕಟ್ಟಿದ್ದು ಎಂದು ಕೇಳುತ್ತದೆ: ಹುಲ್ಲೋ, ಮಣ್ಣೋ, ಕಲ್ಲೋ, ಸುಟ್ಟ ಇಟ್ಟಿಗೆಯೋ, ಕಾಂಕ್ರೀಟೋ. ‘ಮಣ್ಣು’ ಎಂದರೆ ಮುಗಿಯಿತು. ಯಾವ ಮಣ್ಣು, ಅದರ ಮೇಲೆ ಯಾರು ಏನು ಬಳಿದರು, ವರ್ಷಕ್ಕೆ ಎಷ್ಟು ಸಲ ಬಳಿದರು ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ನಿಜಾಮರ ಕಾಲದ ಕಂದಾಯದ ಕಾಗದಗಳಲ್ಲಿ ನಾನು ಕಂಡದ್ದು ಹೊಲ, ಬಾವಿ, ದನಕರು, ಮನೆಗಳ ಲೆಕ್ಕ. ಗೋಡೆ ಕಟ್ಟಿದವರು ಗಂಡಸರು, ಅದರ ಲೆಕ್ಕ ಎಲ್ಲಾದರೂ ಸಿಗುತ್ತದೆ. ಬಳಿದವರು ಹೆಂಗಸರು.

ನಮ್ಮ ಸೀಮೆಯಲ್ಲಿ ಹೊಲಕ್ಕೆ ಎರಡೇ ಜಾತಿ: ಎರೆ ಮತ್ತು ಮಸಾರಿ. ಎರೆ ಎಂದರೆ ಕಪ್ಪು ಮಣ್ಣು. ಮಳೆ ಬಿದ್ದರೆ ಕಾಲಿಗೆ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮಸಾರಿ ಕೆಂಪು, ಉಸುಕು ಉಸುಕು, ನೀರು ಹಿಡಿಯುವುದಿಲ್ಲ. ಎರೆಯಲ್ಲಿ ಹಿಂಗಾರಿ ಜೋಳ, ಮಸಾರಿಯಲ್ಲಿ ಸಜ್ಜೆ, ಶೇಂಗಾ. ಇದು ಪಾಠದಲ್ಲಿ ಬರುವ ಸಂಗತಿ. ಪಾಠದಲ್ಲಿ ಬಾರದ್ದು ಏನೆಂದರೆ, ಎರೆ ಮಣ್ಣು ಒಣಗಿದಾಗ ಕಪ್ಪಾಗಿ ಉಳಿಯುವುದಿಲ್ಲ. ಅದರಲ್ಲಿ ಹೊಟ್ಟು, ಹೆಂಡಿ ಕಲಿಸಿ ಗೋಡೆಗೆ ಮೆತ್ತಿ ಎಂಟು ದಿನ ಬಿಟ್ಟು ನೋಡಿದರೆ ಅದು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಎರೆ ಸೀಮೆಯ ಬಡವರ ಮನೆ ಒಳಗೆ ಹೊರಗೆ ಬೂದುಬೂದು. ಮಸಾರಿ ಸೀಮೆಯ ಬಡವರ ಮನೆ ಕೆಂಪುಕೆಂಪು. ಶೇಡ್ ಕಾರ್ಡ್ ಬರುವ ಮುಂಚೆ ನಮ್ಮಲ್ಲಿ ಗೋಡೆಯ ಬಣ್ಣವನ್ನು ಆರಿಸುತ್ತಿದ್ದದ್ದು ಹೊಲ.

ಪೋತ್ನಾಳ ಎರೆಯ ಊರು. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ಮಾನ್ವಿ ಎಂದರೆ ಸಾಹಿತ್ಯ ಓದಿದವರಿಗೆ ಜಗನ್ನಾಥದಾಸರು ನೆನಪಾಗುತ್ತಾರೆ, ಅದೇ ತಾಲೂಕಿನ ಚೀಕಲಪರವಿಯ ವಿಜಯದಾಸರು ನೆನಪಾಗುತ್ತಾರೆ. ದಾಸರು ಬಂದು ಕೂತು ಹಾಡಿದ ಪಡಸಾಲೆಗಳ ಗೋಡೆ ಹೇಗಿತ್ತು ಎಂದು ನಾವು ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ಈ ಎರಡು ಬಣ್ಣಗಳ ವಯಸ್ಸು ನೋಡಹೊರಟರೆ ಮಾತ್ರ ದಾಸರನ್ನೂ ದಾಟಿ ಬಹಳ ಹಿಂದೆ ಹೋಗಬೇಕಾಗುತ್ತದೆ. ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಬೂದಿದಿಬ್ಬಗಳಿವೆ. ಬಳ್ಳಾರಿ ಕಡೆಯ ಕುಡತಿನಿ, ಕಪ್ಪಗಲ್ಲು, ಸುರಪುರ ಕಡೆಯ ಬೂದಿಹಾಳ, ಕೃಷ್ಣೆಯ ಆಚೆ ದಡದ ಉತ್ನೂರು. ಊರವರು ಅವನ್ನು ರಾಕ್ಷಸರನ್ನು ಸುಟ್ಟ ಬೂದಿ ಎಂದು ಹೇಳುತ್ತಾ ಬಂದಿದ್ದರು. 19ನೇ ಶತಮಾನದಲ್ಲಿ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್, ಇದು ಸುಟ್ಟ ಸೆಗಣಿಯ ಬೂದಿ ಎಂದ. 1957ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದ ಎಫ್. ಆರ್. ಆಲ್ಚಿನ್ ಅದನ್ನು ಖಚಿತ ಮಾಡಿದರು. ಅಲ್ಲಿ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಕಟ್ಟುತ್ತಿದ್ದ ದೊಡ್ಡಿ, ಅಲ್ಲಿ ಗುಡ್ಡೆಯಾದ ಸೆಗಣಿ, ಅದಕ್ಕೆ ಮತ್ತೆ ಮತ್ತೆ ಹಚ್ಚಿದ ಬೆಂಕಿ. ದೋಆಬದ ಮೊದಲ ರೈತರು ಬೂದಿಯ ಪಕ್ಕದಲ್ಲೇ ಬದುಕಿದವರು.

ಅವರೇ ಕೆಮ್ಮಣ್ಣನ್ನೂ ಬಲ್ಲವರಾಗಿದ್ದರು. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ನಡೆಸಿದ ಉತ್ಖನನದ ವರದಿ 1960ರಲ್ಲಿ ಹೈದರಾಬಾದಿನಿಂದ ಪ್ರಕಟವಾಯಿತು. ಅದನ್ನು ನಾನು ಮನೆಗಳ ತಳಪಾಯಕ್ಕಾಗಿ ಓದಿದ್ದೆ. ಈ ಸಲ ಮಡಕೆಗಳಿಗಾಗಿ ಮತ್ತೆ ಓದಿದೆ. ಆ ಕಾಲದ ಜನ ಕೈಯಲ್ಲಿ ಮಾಡಿ, ಉಜ್ಜಿ ನಯಗೊಳಿಸಿದ ಬೂದು ಬಣ್ಣದ ಮಡಕೆಗಳನ್ನು ಬಳಸುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಾರೆ. ವಿಶೇಷವೆಂದರೆ ಈ ಪಟ್ಟೆಯನ್ನು ಮಡಕೆ ಸುಟ್ಟ ಮೇಲೆ ಎಳೆದದ್ದು. ಸುಡುವ ಮೊದಲು ಬಳಿದ ಬಣ್ಣ ಮಡಕೆಯೊಂದಿಗೆ ಬೆಂದು ಒಂದಾಗುತ್ತದೆ, ಹೋಗುವುದಿಲ್ಲ. ಸುಟ್ಟ ಮೇಲೆ ಬಳಿದದ್ದು ಕೈ ತಾಗಿದರೆ ಅಳಿಯುತ್ತದೆ. ಅಳಿಯುತ್ತದೆ ಎಂದು ಗೊತ್ತಿದ್ದೂ ಬಳಿದಿದ್ದಾರೆ. ಹಾಗಾದರೆ ಮತ್ತೆ ಬಳಿಯುತ್ತಿದ್ದರು ಎಂದೇ ನನ್ನ ಊಹೆ. ಇದಕ್ಕೆ ಪುರಾವೆ ಕೊಡಿ ಎಂದರೆ ನಮ್ಮ ಅಮ್ಮನನ್ನು ತೋರಿಸಬಲ್ಲೆ, ಅಷ್ಟೇ. (ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ.)

ಬೂದು ಮೈ, ಅದರ ಮೇಲೆ ಕೆಂಪು ಪಟ್ಟೆ. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ನಾನು ಹುಟ್ಟಿ ಬೆಳೆದ ಕೋಣೆ ಇದ್ದದ್ದೇ ಹಾಗೆ.

ನಮ್ಮ ಅಮ್ಮ ದೇವದುರ್ಗದ ಕಡೆಯ ಒಂದು ಮಸಾರಿ ಊರಿನವಳು. ಮದುವೆಯಾಗಿ ಎರೆಯ ಊರಿಗೆ ಬಂದಳು. ಬಂದ ಹೊಸದರಲ್ಲಿ ಈ ಮನೆಯ ಗೋಡೆ ನೋಡಿದರೆ ಅಳು ಬರುತ್ತಿತ್ತಂತೆ. “ಒಲಿಯಾಗ ಕುಂತಂಗ ಆಗತಿತ್ತವ್ವ” ಎಂದು ಹೇಳುತ್ತಾಳೆ. ಆಮೇಲೆ ತವರಿಗೆ ಹೋದಾಗಲೆಲ್ಲ ಬುತ್ತಿಗಂಟಿನ ಜೊತೆ ಇನ್ನೊಂದು ಗಂಟು ಬರತೊಡಗಿತು. ಅದರಲ್ಲಿ ತವರಿನ ಕೆಮ್ಮಣ್ಣು. ಮೊದಲು ಎತ್ತಿನ ಗಾಡಿಯಲ್ಲಿ, ಮುಂದೆ ಬಸ್ಸಿನಲ್ಲಿ. ಅದನ್ನು ನೀರಲ್ಲಿ ನೆನೆಸಿ, ಉಸುಕು ಕೆಳಗೆ ಕೂತ ಮೇಲೆ ಮೇಲಿನ ತಿಳಿಗೆಂಪನ್ನು ಬಸಿದು, ಗಂಜಿ ಬೆರೆಸಿ, ಗೋಡೆಯ ಕೆಳಭಾಗಕ್ಕೆ ಸುತ್ತಲೂ ಪಟ್ಟೆ ಎಳೆಯುತ್ತಿದ್ದಳು. ಇದಕ್ಕೆ ನಮ್ಮಲ್ಲಿ ಕಾರಣಿ ಎನ್ನುತ್ತಾರೆ. ಸಾರಣಿ ಎಂದರೆ ಮೆತ್ತಿ ಸಾರಿಸುವುದು, ಕಾರಣಿ ಎಂದರೆ ಮೇಲಿನ ಈ ಅಲಂಕಾರ. ಸಾರಣಿ-ಕಾರಣಿ ಎಂದು ಜೋಡಿ ಮಾಡಿಯೇ ಹೇಳುವುದು. ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ. ಪಟ್ಟೆಯ ಅಂಚು ನೆಟ್ಟಗೆ ಬರಲೆಂದು ನೂಲು ಹಿಡಿಯುವ ಕೆಲಸ ನನ್ನದಾಗಿತ್ತು. ನೂಲಿನ ಇನ್ನೊಂದು ತುದಿ ಅವ್ವನ ಕೈಯಲ್ಲಿ. ಅಮ್ಮ ನಡುವೆ ಕುಕ್ಕರಗಾಲಲ್ಲಿ ಕೂತು ಪುಂಡಿನಾರಿನ ಕುಂಚ ಆಡಿಸುತ್ತಾ ಸರಿಯುತ್ತಿದ್ದಳು.

ಕಾರಣಿ ಬರೀ ಚಂದಕ್ಕಲ್ಲ ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು. ಗೋಡೆಯ ಕೆಳಗಿನ ಮೂರಡಿಗೆ ಬರುವಷ್ಟು ಕಷ್ಟ ಮೇಲಿನದಕ್ಕೆ ಬರುವುದಿಲ್ಲ. ಕೂತವರ ಬೆನ್ನು ತಾಗುತ್ತದೆ, ನೆಲ ಸಾರಿಸುವ ನೀರು ಸಿಡಿಯುತ್ತದೆ, ಕರು ಮೈ ಉಜ್ಜುತ್ತದೆ. ನೆಲದ ತೇವ ಮೇಲೇರುವುದೂ ಅಲ್ಲಿಯೇ. ಮೊದಲು ಕೊಳೆಯಾಗುವ, ಮೊದಲು ಉದುರುವ ಭಾಗಕ್ಕೆ ಸುಲಭವಾಗಿ ಮತ್ತೆ ಬಳಿಯಬಹುದಾದ, ಕೊಳೆ ಕಾಣದ ಬಣ್ಣ. ಕರಾವಳಿಯ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಗಾರೆ ಹಚ್ಚಿ, ಕೆರೆದು ಚಿತ್ರ ತೆಗೆಯುತ್ತಾರೆ. ಅದು ದೇವಸ್ಥಾನಗಳಲ್ಲಿ ಶತಮಾನಗಳ ಕಾಲ ನಿಂತಿದೆ, ಅದರ ಮೇಲೆ ಪುಸ್ತಕಗಳು ಬಂದಿವೆ. ನಮ್ಮ ಕಾರಣಿ ಆರು ತಿಂಗಳಿನದು. ಪುಸ್ತಕ ಬರುವಷ್ಟು ಹೊತ್ತು ಅದು ನಿಲ್ಲುವುದಿಲ್ಲ.

ಕೆಮ್ಮಣ್ಣು ಕೆಂಪಾಗಿರುವುದು ಕಬ್ಬಿಣದ ತುಕ್ಕಿನಿಂದ. ಅದೇ ತುಕ್ಕು ನೀರಿನಂಶ ಹಿಡಿದುಕೊಂಡಿದ್ದರೆ ಹಳದಿ ಮಣ್ಣು, ಸುಟ್ಟು ನೀರು ಹೋಗಿಸಿದರೆ ಮತ್ತೆ ಕೆಂಪು. ಬಿಸಿಲಿಗೆ ಈ ಬಣ್ಣ ಮಾಸುವುದಿಲ್ಲ. ಹಿರೇಬೆಣಕಲ್ಲಿನ ಗುಡ್ಡದ ಬಂಡೆಗಳ ಮೇಲೆ ಜಿಂಕೆ, ಗೂಳಿ, ಕುಣಿಯುವ ಜನರನ್ನು ಬರೆದದ್ದು ಇದರಲ್ಲೇ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಆ ಗುಡ್ಡವೂ ನಮ್ಮ ರಾಯಚೂರಿನದೇ ಆಗಿತ್ತು. ದೂರದ ಸ್ವೀಡನ್ನಿನಲ್ಲಿ ಫಾಲುನ್ ಎಂಬ ತಾಮ್ರದ ಗಣಿಯಿದೆ. ಗಣಿಯ ಕಸದಲ್ಲಿ ಸಿಗುವ ಕೆಮ್ಮಣ್ಣನ್ನು ಹಿಟ್ಟಿನ ಗಂಜಿಯಲ್ಲಿ ಕುದಿಸಿ ಮರದ ಮನೆಗಳಿಗೆ ಬಳಿಯುತ್ತಾರೆ. ಆ ದೇಶದ ಹಳ್ಳಿಮನೆ ಎಂದರೆ ಇವತ್ತಿಗೂ ಕೆಂಪು ಮನೆ. ಹಿಟ್ಟಿನ ಗಂಜಿಯ ವಿಷಯ ಓದಿದಾಗ ಅಮ್ಮನಿಗೆ ಹೇಳಿದೆ. “ಗಂಜಿ ಹಾಕದಿದ್ರ ಕೈಗೆ ಹತ್ತತೈತಿ, ಅವರಿಗೂ ಗೊತ್ತೈತಿ ನೋಡು” ಅಂದಳು, ಸ್ವೀಡನ್ ಎಲ್ಲಿದೆ ಎಂದು ಕೇಳದೆ.

ಇವೆರಡರ ನಡುವೆ ಸುಣ್ಣವನ್ನು ಮರೆತಂತೆ ಮಾತಾಡುತ್ತಿದ್ದೇನೆ. ಎರೆ ಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಆರಿಸಿ, ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಹದ ಮಾಡುವ ವಿವರಗಳಿವೆ: ಎಮ್ಮೆಯ ತೊಗಲನ್ನು ಕುದಿಸಿ ತೆಗೆದ ವಜ್ರಲೇಪ, ಬಿಳಿ ಮಣ್ಣು, ಶಂಖದ ಪುಡಿ, ಗೈರಿಕವೆಂಬ ಕೆಮ್ಮಣ್ಣು, ಕಾಡಿಗೆ. ಅದು ಅರಮನೆಯ ಗೋಡೆ. ನಮ್ಮ ಊರಿನಲ್ಲಿ ಮನೆ ತುಂಬ ಸುಣ್ಣ ಕಾಣುತ್ತಿದ್ದದ್ದು ಗುಡಿ, ಮಸೀದಿ, ಚಾವಡಿ, ಹತ್ತಾರು ಎಕರೆ ಇದ್ದವರ ಮನೆ ಎಂದು ಅಮ್ಮ ಎಣಿಸುತ್ತಾಳೆ. ಉಳಿದವರು ಬಾಗಿಲ ಸುತ್ತ, ಮಾಡದ ಸುತ್ತ ಒಂದಿಷ್ಟು ಬಿಳುಪು ಮಾಡಿಕೊಳ್ಳುತ್ತಿದ್ದರು. ಬಿಳಿ ದುಡ್ಡಿನ ಬಣ್ಣ. ಬೂದು ಮತ್ತು ಕೆಂಪು ಪುಕ್ಕಟೆ ಬಣ್ಣ.

1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬಂದಿತು. ಆಂಧ್ರದ ಕಡೆಯಿಂದ ಭತ್ತ ಬಲ್ಲವರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಜೋಳದ ಹೊಲ ಗದ್ದೆಯಾಯಿತು. ದುಡ್ಡು ಬಂದಂತೆ ಗೋಡೆ ಬೆಳ್ಳಗಾಯಿತು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುವ ಶೋಕಿ ಬಂತು. ನೀರಿನ ಹಿಂದೆ ಸೊಳ್ಳೆಯೂ ಬಂತು. ಮಲೇರಿಯಾ ತಡೆಯಲೆಂದು ದೇಶದ ತುಂಬ ಶುರುವಾದ ಡಿಡಿಟಿ ಸಿಂಪಡಣೆಯವರು ಮನೆಯೊಳಗೆ ಬಂದು ಗೋಡೆಗೆ ಪಿಚಕಾರಿ ಹೊಡೆಯುತ್ತಿದ್ದರು. ಒಣಗಿದ ಮೇಲೆ ಬಿಳಿ ಬಿಳಿ ಕಲೆ. ಹೆಂಗಸರು ಎರಡು ದಿನ ತಡೆದು ಅದರ ಮೇಲೆ ಸಾರಣಿ ಮಾಡಿಬಿಡುತ್ತಿದ್ದರಂತೆ. ಮಣ್ಣಿನ ಗೋಡೆ ಔಷಧಿಯನ್ನು ಹೀರಿಬಿಡುತ್ತದೆ, ಅದರಲ್ಲೂ ಕಬ್ಬಿಣದಂಶ ಹೆಚ್ಚಿರುವ ಕೆಂಪು ಮಣ್ಣು ಬೇಗ ಕೆಡಿಸುತ್ತದೆ ಎಂದು ಆ ಕಾಲದ ವಿಜ್ಞಾನಿಗಳು ಬರೆದಿದ್ದಾರೆ. ಇದನ್ನು ಓದುವಾಗ ಅವರ ಬೇಸರವೂ ಅರ್ಥವಾಗುತ್ತದೆ, ನಮ್ಮ ಹೆಂಗಸರದೂ ಅರ್ಥವಾಗುತ್ತದೆ. ಕೇಳದೆ ಒಳಗೆ ಬಂದು ಹಬ್ಬದ ಗೋಡೆ ಹೊಲಸು ಮಾಡಿದರೆ ಯಾರು ಸುಮ್ಮನಿರುತ್ತಾರೆ?

ಮುಂದೆ ಸ್ನೋಸೆಂ ಬಂತು, ಡಿಸ್ಟೆಂಪರ್ ಬಂತು. ಡಬ್ಬದ ಮೇಲೆ ಕುಂಚ ಹಿಡಿದು ನಿಂತ ತುಂಟ ಹುಡುಗ ಗಟ್ಟು. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟದ್ದು. ಊರಿನಲ್ಲಿ ಗೋಡೆಗಳು ಗಿಳಿಹಸಿರು, ಗುಲಾಬಿ, ಆಕಾಶನೀಲಿ ಆದವು. ಕೈಯಲ್ಲಿ ದುಡ್ಡಾಡಿದಾಗ ಯಾರೂ ಬೂದಿಯ ಬಣ್ಣ ಕೊಳ್ಳಲಿಲ್ಲ, ಮಣ್ಣಿನ ಬಣ್ಣವನ್ನೂ ಕೊಳ್ಳಲಿಲ್ಲ. ಅವೆರಡರಿಂದ ತಪ್ಪಿಸಿಕೊಳ್ಳಲೆಂದೇ ಬಣ್ಣ ಹಚ್ಚಿಸುತ್ತಿದ್ದರು. ಗಿಳಿಹಸಿರು ಗೋಡೆ ನೋಡಿ ಮೂಗು ಮುರಿಯುವ ಪಟ್ಟಣದ ಗೆಳತಿಯರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಆದರೂ ನಮ್ಮ ಮನೆಯ ಪಡಸಾಲೆಯಲ್ಲಿ ಬೂದು ಗೋಡೆ ಬಹಳ ಕಾಲ ಉಳಿಯಿತು. ಅದು ಹೋದದ್ದು 2009ರಲ್ಲಿ.

ಆ ವರ್ಷ ನಾನು ಆರನೇ ಇಯತ್ತೆ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಬಿಡಲಿಲ್ಲ. ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠದೊಳಗೆ ನೀರು ನುಗ್ಗಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದರು. ಹೊಳೆಯಿಂದ ದೂರವಿದ್ದ ಊರುಗಳಲ್ಲಿ ಆದದ್ದನ್ನು ಟಿ.ವಿ. ಅಷ್ಟಾಗಿ ತೋರಿಸಲಿಲ್ಲ. ನಮ್ಮ ಮಾಳಿಗೆಗಳು ಮಣ್ಣಿನವು. ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ-ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಮಣ್ಣು, ಕೊನೆಗೆ ಸವುಳು ಮಣ್ಣು. ಸವುಳು ಸಾಮಾನ್ಯ ಮಳೆಯನ್ನು ಒಳಗೆ ಬಿಡುವುದಿಲ್ಲ. ಮೂರು ದಿನ ಒಂದೇ ಸಮನೆ ಹೊಯ್ದರೆ ಮಾಳಿಗೆಯ ಮಣ್ಣೆಲ್ಲ ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಗೋಡೆಯೂ ಮೆತ್ತಗಾಗುತ್ತದೆ. ಆ ರಾತ್ರಿ ಊರಿನಲ್ಲಿ ಧಡ್ ಧಡ್ ಎಂದು ಗೋಡೆ ಬೀಳುವ ಸದ್ದು ಕೇಳಿಸುತ್ತಿತ್ತು. ಗುಡುಗಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿತ್ತು: ಗುಡುಗಿನ ಬಳಿಕ ಜನರ ಕೂಗು ಕೇಳಿಸುವುದಿಲ್ಲ. ನಮ್ಮನ್ನು ಸಾಲಿಗುಡಿಗೆ ಕರೆದೊಯ್ದರು. ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ಎರಡು ಕೋಣೆ ಕುಸಿದಿದ್ದವು. ಪಡಸಾಲೆಯ ಮೂರು ಗೋಡೆ ನಿಂತಿದ್ದವು. ಮಳೆಯ ನೀರು ಹರಿದು ಕಾರಣಿಯ ಕೆಂಪೆಲ್ಲ ನೆಲದ ಮೇಲೆ ಹರವಿಕೊಂಡಿತ್ತು. ನಾನು ಯಾರಿಗೋ ಪೆಟ್ಟಾಗಿದೆ ಎಂದು ಚೀರಿದ್ದೆನಂತೆ.

ಆ ಮಳೆಯ ನಂತರ ಸರ್ಕಾರ ‘ಆಸರೆ’ ಎಂಬ ಯೋಜನೆಯಲ್ಲಿ ನೆರೆಪೀಡಿತರಿಗೆ ಮನೆ ಕಟ್ಟಿಸಿತು. ಆಗದವರು ಸಾಲ ಮಾಡಿ ಸಿಮೆಂಟಿನ ಮನೆ ಕಟ್ಟಿಕೊಂಡರು. ಮಣ್ಣಿನ ಮಾಳಿಗೆಯ ಮೇಲೆ ಜನರಿಗಿದ್ದ ನಂಬಿಕೆ ಒಂದೇ ವಾರದಲ್ಲಿ ಹೋಯಿತು. ಮಣ್ಣಿನ ಮನೆ ತಂಪು, ಪರಿಸರಸ್ನೇಹಿ ಎಂದು ವಿಚಾರ ಸಂಕಿರಣಗಳಲ್ಲಿ ಕೇಳಿದಾಗ ನನಗೆ ಆ ಧಡ್ ಎನ್ನುವ ಸದ್ದು ನೆನಪಾಗುತ್ತದೆ. ತಂಪು ಹೌದು. ಆದರೆ ಅದರಡಿ ಮಲಗಿದವರು ಇವತ್ತಿಗೂ ಮಳೆ ಜೋರಾದರೆ ಎದ್ದು ಕೂರುತ್ತಾರೆ. ನಮ್ಮಪ್ಪ ಪಡಸಾಲೆಯ ಹಳೆಯ ಗೋಡೆಗಳನ್ನು ಉಳಿಸಿಕೊಂಡು ಮೇಲೆ ಕಾಂಕ್ರೀಟು ಹಾಕಿಸಿದ, ಹಿಂದೆ ಹೊಸ ಕೋಣೆ ಕಟ್ಟಿಸಿದ. ಒಳಗೆಲ್ಲ ಹಳದಿ ಡಿಸ್ಟೆಂಪರ್ ಆಯಿತು. ಕೆಮ್ಮಣ್ಣಿನ ಗಂಟು ತರುವುದನ್ನು ಅಮ್ಮ ನಿಲ್ಲಿಸಿದಳು. ಯಾರೂ ಬೇಡ ಎಂದಿರಲಿಲ್ಲ. ಸಿಮೆಂಟಿನ ನೆಲ, ಡಿಸ್ಟೆಂಪರ್ ಗೋಡೆ, ಎಲ್ಲಿ ಎಳೆಯುವುದು?

ಹೀಗೆ ಎರಡು ಚೌಕಗಳ ಮುಂದೆ ಬಂದು ನಿಲ್ಲೋಣ.

ಪೇಂಟರ್ ಕೊಟ್ಟ ಶೇಡ್ ಕಾರ್ಡಿನಲ್ಲಿ ಬೂದಿ ಬಣ್ಣಕ್ಕೊಂದು ಚಂದದ ಇಂಗ್ಲಿಷ್ ಹೆಸರಿತ್ತು, ಮಳೆಮೋಡ ಎನ್ನುವ ಅರ್ಥದ್ದು. ಇನ್ನೊಂದರ ಹೆಸರಿನಲ್ಲಿ ಯಾವುದೋ ದೇಶದ ಮರುಭೂಮಿ ಇತ್ತು. ಎರಡೂ ಮೇಲ್ದರ್ಜೆಯ ಎಮಲ್ಷನ್, ಹಳದಿ ಡಿಸ್ಟೆಂಪರಿಗಿಂತ ಬೆಲೆ ಬಹಳ ಜಾಸ್ತಿ. “ಈಗ ಎಲ್ಲಾ ಇಂಥವಽ ಅಕ್ಕಾರ, ಡಲ್ ಕಲರಿಗೇ ಡಿಮ್ಯಾಂಡು” ಎಂದ ಆತ. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ, ಫ್ಲ್ಯಾಟುಗಳಲ್ಲಿ ಕಂಡ ಬೂದಿಯನ್ನು ಅಣ್ಣ ಹೊಸತೆಂದು ತಂದಿದ್ದ. ಅವ್ವ ಕೆಮ್ಮಣ್ಣನ್ನು ಸುಮ್ಮನೆ ‘ಬೆಚ್ಚಗೈತಿ’ ಎಂದು ಆರಿಸಿದ್ದಳು.

ನಾನು ಒಂದು ಇಡೀ ದಿನ ಆ ಚೌಕಗಳನ್ನು ನೋಡುತ್ತಾ ಕೂತೆ. ಇತಿಹಾಸ ಬಿಟ್ಟು ಬರೀ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಬೂದಿ ಬಣ್ಣ ಹಿತವಾಗಿತ್ತು, ಕಣ್ಣಿಗೆ ನೀರು ಹಾಕಿದ ಹಾಗೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗಿನಿಂದ ಬಂದವರಿಗೆ ಅದು ನಿಜಕ್ಕೂ ತಂಪು ಅನ್ನಿಸುತ್ತದೆ. ಮಧ್ಯಾಹ್ನ ಎರಡರ ಮೇಲೆ, ಬಾಗಿಲಿನಿಂದ ಬೆಳಕು ಹಿಂದೆ ಸರಿದಾಗ, ಅದೇ ಬೂದಿ ಕೋಣೆಯನ್ನು ಚಿಕ್ಕದು ಮಾಡಿತು. ಸಂಜೆ ಎಲ್‌ಇಡಿ ಬಲ್ಬಿನ ಬಿಳಿ ಬೆಳಕಿನಲ್ಲಿ ನೀಲಿಗೆ ತಿರುಗಿ ಆಸ್ಪತ್ರೆಯ ಗೋಡೆಯಂತಾಯಿತು. ಕೆಮ್ಮಣ್ಣಿನದು ಬೆಳಿಗ್ಗೆ ಸಪ್ಪೆ. ಮಧ್ಯಾಹ್ನ ಪರವಾಗಿಲ್ಲ. ಸಂಜೆ ಐದೂವರೆಯ ಓರೆ ಬಿಸಿಲು ಬಿದ್ದಾಗ ಕೂತವರ ಮುಖಕ್ಕೆಲ್ಲ ಬಣ್ಣ ಬಂತು. ಕರೆಂಟು ಹೋಗಿ ದೀಪ ಹಚ್ಚಿದಾಗಲೂ ಅದೇ ಚೆಂದ. ಬೂದಿ ಗೋಡೆ ಎಣ್ಣೆದೀಪದ ಕಾಲದಲ್ಲಿ ಸಂಜೆಗೆ ಏನಾಗುತ್ತಿತ್ತು ಎಂದು ಆಗ ತಿಳಿಯಿತು. ಒಲೆಯೊಳಗೆ ಕೂತ ಹಾಗೆ ಎಂದು ಅಮ್ಮ ಅಂದದ್ದು ಉತ್ಪ್ರೇಕ್ಷೆಯಲ್ಲ.

ಹಾಗೆಂದು ಬೂದಿಯನ್ನು ಹೊರಗಿನದು ಎಂದು ತಳ್ಳಿಹಾಕುವಂತಿಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುತ್ತಿದ್ದಾರೆ. ಅಲ್ಲಿನ ಹಾರುಬೂದಿ ಇಟ್ಟಿಗೆಯಾಗುತ್ತದೆ, ಸಿಮೆಂಟಿಗೆ ಸೇರುತ್ತದೆ. ನಮ್ಮ ಹಿಂದಿನ ಹೊಸ ಕೋಣೆಗಳ ಇಟ್ಟಿಗೆ ಅದೇ ಬೂದಿಯದು. ಗಿಲಾವು ಮಾಡುವ ಮೊದಲು ಆ ಗೋಡೆಗಳು ಯಾವ ಶೇಡ್ ಕಾರ್ಡಿನ ಹಂಗಿಲ್ಲದೆ ಬೂದುಬೂದಾಗಿ ನಿಂತಿದ್ದವು. ಸೆಗಣಿಯ ಬೂದಿಯಿಂದ ಶುರುವಾದ ಸೀಮೆ ಕಲ್ಲಿದ್ದಲ ಬೂದಿಗೆ ಬಂದಿದೆ.

ಮೂರನೇ ದಿನ ಪೇಂಟರ್ ಹಳೆಯ ಬಣ್ಣ ಕೆರೆಯಲು ಶುರು ಮಾಡಿದ. ಕೆರೆದು, ಪುಟ್ಟಿ ತುಂಬಿ, ಪ್ರೈಮರ್ ಹೊಡೆದ ಮೇಲಷ್ಟೇ ಬಣ್ಣ. ನಾನು ಮಾಡದ ಪಕ್ಕದಲ್ಲಿ ಅಂಗೈಯಗಲದ ಜಾಗವನ್ನು ಬಿಡಲು ಹೇಳಿ, ಬ್ಲೇಡಿನಿಂದ ಒಂದು ಚಕ್ಕೆ ಎತ್ತಿದೆ. ಬಿಸಿಲಿಗೆ ಹಿಡಿದು ಅಂಚನ್ನು ನೋಡಿದೆ. ಮೇಲೆ ಹಳದಿ ಡಿಸ್ಟೆಂಪರ್. ಅದರ ಕೆಳಗೆ ಮಳೆಯ ನಂತರದ ತೆಳು ಸಿಮೆಂಟ್ ಗಿಲಾವು. ಅದರಡಿ ನೀಲಿ ಬೆರೆತ ಸುಣ್ಣ, ಎರಡು ಮೂರು ಕೈ. ಮತ್ತೆ ಬೂದು. ಆಮೇಲೆ ಬೂದು, ಕೆಂಪು, ಬೂದು, ಕೆಂಪು. ಒಂದೊಂದು ಪದರವೂ ಈರುಳ್ಳಿ ಸಿಪ್ಪೆಯಷ್ಟು. ಎಣಿಸಿದೆ. ಇಪ್ಪತ್ತೆರಡರವರೆಗೆ ಎಣಿಸಿ, ಚಕ್ಕೆ ಕೈಯಲ್ಲೇ ಪುಡಿಯಾಯಿತು. ವರ್ಷಕ್ಕೆ ಎರಡು ಎಂದರೂ ಅಮ್ಮನ ಹನ್ನೊಂದು ವರ್ಷ. ಅದರ ಕೆಳಗಿನವು ಅವಳ ಅತ್ತೆಯವು ಇರಬೇಕು. ಆಗ ಕೆಂಪು ಇರುತ್ತಿರಲಿಲ್ಲ.

ಇದನ್ನು ಅಣ್ಣನಿಗೆ ತೋರಿಸಲು ಹೋದರೆ ಅವನು ಮೊಬೈಲಿನಲ್ಲಿ ಮಂಟಪದವನ ಜೊತೆ ಮಾತಾಡುತ್ತಿದ್ದ. ಆಮೇಲೆ ಬಂದು ನೋಡಿದ. ನನ್ನ ಅಂಗೈಯಲ್ಲಿದ್ದ ಪುಡಿಯನ್ನು ಬೆರಳಿನಿಂದ ತಿರುವಿ, “ಇದನ್ನ ಬರೀತೀಯೇನು?” ಎಂದು ಕೇಳಿದ. ಹೌದು ಎಂದೆ. “ಗೋಡಿ ಮಾತ್ರ ಕೆರಸೂದಽ ನೋಡು. ಇಲ್ಲಂದ್ರ ಬಣ್ಣ ಹಿಡಿಯಂಗಿಲ್ಲ” ಎಂದ. ಅದೂ ಸರಿಯೇ. ಹತ್ತು ವರ್ಷದಿಂದ ಪಡಸಾಲೆಯ ಕೆಳಗಿನ ಮೂರಡಿ ಡಿಸ್ಟೆಂಪರ್ ಹಪ್ಪಳ ಎದ್ದಂತೆ ಎದ್ದು ಉದುರುತ್ತಿತ್ತು. ಕಾಲುವೆಯ ನೀರು ನಿಂತು ನಿಂತು ನಮ್ಮ ನೆಲದಲ್ಲಿ ಉಪ್ಪು ಮೇಲೆ ಬಂದಿದೆ. ಆ ಉಪ್ಪು ತೇವದೊಂದಿಗೆ ಗೋಡೆಗೆ ಏರಿ, ಒಣಗಿ, ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮಣ್ಣು, ಸುಣ್ಣವಾದರೆ ತೇವ ಹೊರಗೆ ಹೋಗಲು ದಾರಿ ಕೊಡುತ್ತವೆ. ಎಮಲ್ಷನ್ ಕೊಡುವುದಿಲ್ಲ. ನಾನು ಇದನ್ನು ಪೇಂಟರನಿಗೆ ಹೇಳಿದಾಗ ಆತ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದ. “ಖರೇ ಐತ್ರಿ. ನಾನು ಎಷ್ಟ ಚಲೋ ಹೊಡದ್ರೂ ಕೆಳಗ ಎರಡು ವರ್ಷ ಅಷ್ಟಽ. ಆಮ್ಯಾಲೆ ಮಂದಿ ನನ್ನ ಬೈತಾರ” ಎಂದ.

ಹಾಗಾದರೆ ಏನು ಮಾಡುವುದು ಎಂಬ ಮಾತು ಬಂತು. ಅಮ್ಮ ಇಷ್ಟು ಹೊತ್ತೂ ಹೊಸ್ತಿಲ ಬಳಿ ಕೂತು ಕೇಳುತ್ತಿದ್ದಳು. ಅವಳ ಕಣ್ಣಿಗೆ ಈಗ ಎರಡು ಚೌಕಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ನಾನು ಕೇಳಿದಾಗ ‘ಒಂದು ಕಪ್ಪಗ, ಒಂದು ಬೆಳ್ಳಗ’ ಎಂದಿದ್ದಳು. ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ, ನನ್ನನ್ನೂ ಸೇರಿಸಿ. “ಮ್ಯಾಲ ಅವನು ಹೇಳಿದ್ದು ಹಚ್ಚರಿ” ಎಂದ ಆಕೆ ಅಣ್ಣನ ಕಡೆ ಕೈ ಮಾಡಿದಳು. “ಮದುವಿ ಅವಂದು. ಕೆಳಗ ಅದನ್ನ ಹಚ್ಚಬ್ಯಾಡರಿ, ಸುಣ್ಣದಾಗ ಕೆಮ್ಮಣ್ಣು ಕಲಸಿ ಹಚ್ಚರಿ. ಉದುರಿದ್ರ ಮುಂದಿನ ಹಬ್ಬಕ್ಕ ಮತ್ತ ಎಳದರಾತು.”

“ಯಾರು ಎಳೀತಾರಬೇ?” ಎಂದ ಅಣ್ಣ.

ಅಮ್ಮ ಉತ್ತರ ಕೊಡಲಿಲ್ಲ. ಗೋಡೆ ಹಿಡಿದು ಎದ್ದು, ಮೂಲೆಗೆ ಹೋಗಿ, ನೆಲದಿಂದ ಮೇಲಕ್ಕೆ ಗೇಣು ಹಾಕತೊಡಗಿದಳು. ಒಂದು, ಎರಡು, ಮೂರು. ನಾಲ್ಕನೆಯದರ ಅರ್ಧಕ್ಕೆ ಹೆಬ್ಬೆರಳು ಊರಿ ನಿಲ್ಲಿಸಿ, ತಿರುಗದೆಯೇ ನನ್ನನ್ನು ಕರೆದಳು. “ಇಲ್ಲೀತನ. ನೂಲು ತೊಗೊಂಬಾರಬೇ ತಂಗಿ.”

ಮನೆಯಲ್ಲಿ ನೂಲು ಇರಲಿಲ್ಲ. ಪೇಂಟರನ ಚೀಲದಲ್ಲಿ ಒಂದು ದಾರದ ಉಂಡೆ ಸಿಕ್ಕಿತು.